ಆ ಹುಡುಗ ಯಾರ ಜೊತೆ ಆಡ್ತಾನೆ?

ಭಾನುವಾರ ಕೇಳಿದ ಒಂದು ಪ್ರಶ್ನೆ ಗುರುವಾರವಾದರೂ ನನ್ನ ತಲೆಯಿಂದ ಇಳಿದಿಲ್ಲ.

ನಮ್ಮ ಬಡಾವಣೆಯ ಸಾಹಿತ್ಯ ಬಳಗದಲ್ಲಿ ಹಳೆಯ ಮಕ್ಕಳ ಪುಸ್ತಕಗಳ ಬಗ್ಗೆ ಉಪನ್ಯಾಸ. ಬಂದವರಲ್ಲಿ ಅರವತ್ತು ದಾಟಿದವರೇ ಜಾಸ್ತಿ. ಮಗು ಅಂತ ಇದ್ದದ್ದು ಒಬ್ಬಳೇ, ಅಜ್ಜನ ಜೊತೆ ಬಂದ ಎಂಟೊಂಬತ್ತು ವರ್ಷದ ಹುಡುಗಿ. ಉಪನ್ಯಾಸಕರು ತುಂಬಾ ಓದಿಕೊಂಡವರು. ಪಂಜೆ ಮಂಗೇಶರಾಯರು 'ಕವಿಶಿಷ್ಯ' ಅನ್ನೋ ಹೆಸರಲ್ಲಿ ಮಕ್ಕಳಿಗೆ ಬರೆದದ್ದು, ಕಾರಂತರು 1936ರಷ್ಟು ಹಿಂದೆಯೇ ಮೂರು ಸಂಪುಟಗಳ 'ಬಾಲ ಪ್ರಪಂಚ' ತಂದದ್ದು, ಎಲ್ಲ ಒಂದು ಚೀಟಿಯೂ ಇಲ್ಲದೆ ಹೇಳಿದರು. ಕೊನೆಗೆ ಕುವೆಂಪು ಅವರ ಕಿಂದರಿಜೋಗಿ, ಊರಿನ ಇಲಿಗಳನ್ನೆಲ್ಲ ಹೊಳೆಗಿಳಿಸಿದ ಜೋಗಿ, ಗೌಡ ಹೇಳಿದ ಹಣ ಕೊಡದಿದ್ದಾಗ ಕಿಂದರಿ ನುಡಿಸಿ ಊರ ಮಕ್ಕಳನ್ನೇ ಕರೆದೊಯ್ಯುವ ಪದ್ಯ. ಬ್ರೌನಿಂಗ್ 1842ರಲ್ಲಿ ಇಂಗ್ಲಿಷಿನಲ್ಲಿ ಪದ್ಯವಾಗಿಸಿದ ಜರ್ಮನಿಯ ಹಳೇ ಕಥೆ ತುಂಗೆಯ ದಡಕ್ಕೆ ಬಂದು ನಮ್ಮದೇ ಆದ ಬಗೆಯನ್ನು ಎಷ್ಟು ಚೆನ್ನಾಗಿ ಬಿಡಿಸಿಟ್ಟರು!

ಪ್ರಶ್ನೆ ಇದ್ದರೆ ಕೇಳಿ ಅಂದಾಗ ಆ ಹುಡುಗಿ ಎದ್ದಳು. ಕೈಯಲ್ಲಿ ಅಜ್ಜನ ಶಾಲಿನ ತುದಿ.

"ಎಲ್ಲ ಮಕ್ಕಳೂ ಬೆಟ್ಟದೊಳಗೆ ಹೋದ್ರಲ್ಲ. ಉಳಿದ ಆ ಕುಂಟ ಹುಡುಗ ಆಮೇಲೆ ಯಾರ ಜೊತೆ ಆಡ್ತಾನೆ?"

ಸಭೆ ನಕ್ಕಿತು. ನಾನೂ ನಕ್ಕೆ. "ಅದು ಕಥೆ ಕಣಮ್ಮ," ಅಂದರು ಉಪನ್ಯಾಸಕರು, ಪ್ರೀತಿಯಿಂದಲೇ. ಅಧ್ಯಕ್ಷರು ವಂದನಾರ್ಪಣೆಗೆ ಕರೆದುಬಿಟ್ಟರು. ಎರಡು ನಿಮಿಷ ಕೊಡಬಹುದಿತ್ತು.

ಯಾರ ಜೊತೆ ಆಡ್ತಾನೆ? ಪಾತ್ರೆ ತೊಳೆಯುವಾಗಲೂ ಅದೇ, ಬಸ್ಸಲ್ಲೂ ಅದೇ. ಆ ಪದ್ಯವನ್ನು ನಾನು ಬಾಯಿಪಾಠ ಮಾಡಿದವಳು. ಕೊಟ್ಟ ಮಾತಿಗೆ ತಪ್ಪಬಾರದು ಅಂತ ಅದರಿಂದ ಕಲಿತೆವು. ತಪ್ಪಿದ್ದು ಊರ ಗೌಡ, ಒಂಟಿಯಾದದ್ದು ಹುಡುಗ. ಅದು ಮಾತ್ರ ಕಣ್ಣಿಗೆ ಬಿದ್ದಿರಲಿಲ್ಲ.

ಐದನೇ ಕ್ಲಾಸಲ್ಲಿ ಟೈಫಾಯ್ಡ್ ಬಂದು ತಿಂಗಳುಗಟ್ಟಲೆ ಮಲಗಿದ್ದೆ. ಸಂಜೆಯಾದರೆ ಬೀದಿಯಲ್ಲಿ ಲಗೋರಿ. ಕಲ್ಲು ಉರುಳಿದ ಸದ್ದು, ಆಮೇಲೆ ಕೂಗಾಟ. ಕಿಟಕಿ ಮುಚ್ಚಮ್ಮ ಅಂತ ಅಳುತ್ತಿದ್ದೆ. ಆಗಲೂ ಆ ಹುಡುಗ ನನಗೆ ನೆನಪಾಗಲಿಲ್ಲ. ಅರ್ಥ ಹೇಳಿಕೊಡುವ ಆತುರದಲ್ಲಿ ಅವನನ್ನು ನಮಗೆ ಯಾರೂ ತೋರಿಸಿಯೇ ಇರಲಿಲ್ಲ, ಅಲ್ವಾ?

ಸಭೆ ಮುಗಿದ ಮೇಲೆ ಅವಳ ಪಕ್ಕ ಹೋಗಿ ಕೂತಿದ್ದೆ. ಹಾಲಿಗೆ ಬಿಸ್ಕತ್ತು ಅದ್ದುತ್ತಾ, "ಒಂದು ಇಲಿನಾದ್ರೂ ಉಳಿದಿದ್ರೆ ಆಗ್ತಿತ್ತು ಆಂಟಿ," ಅಂದಳು.

"ಬ್ರೌನಿಂಗ್ ಪದ್ಯದಲ್ಲಿ ಒಂದು ಇಲಿ ಈಜಿ ಹೊಳೆ ದಾಟುತ್ತೆ ಪುಟ್ಟಿ. ಬದುಕಿಕೊಳ್ಳುತ್ತೆ."

ಬಿಸ್ಕತ್ತು ಮುರಿದು ಲೋಟದೊಳಗೆ ಬಿತ್ತು. ಅವಳು ನೋಡಲೇ ಇಲ್ಲ.

"ಅದು ವಾಪಸ್ ಊರಿಗೆ ಬರುತ್ತಾ?"