ಮಕ್ಕಳೇ ಬರೋದಿಲ್ಲ, ಮೇಡಂ

ಪೀಣ್ಯದ ಒಂದು ಸಿದ್ಧ ಉಡುಪು ಕಾರ್ಖಾನೆಯ ಎಚ್‌ಆರ್ ಅಧಿಕಾರಿ ಈ ಬುಧವಾರ ಆಡಿದ ಮಾತು ನನ್ನ ಕಿವಿಯಿಂದ ಇನ್ನೂ ಇಳಿದಿಲ್ಲ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ಆಂತರಿಕ ಸಮಿತಿಯಲ್ಲಿ ಹೊರಗಿನ ಸದಸ್ಯರೊಬ್ಬರು ಇರಬೇಕು; ಅಲ್ಲಿ ಆ ಹೊರಗಿನವಳು ನಾನು. ಸಭೆ ಮುಗಿದ ಮೇಲೆ ಕ್ರೆಷ್, ಅಂದರೆ ಕೆಲಸಕ್ಕೆ ಬರುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳುವ ಕೋಣೆ, ನೋಡಬಹುದೇ ಎಂದು ಕೇಳಿದಾಗ ಅವರು ಸಂತೋಷದಿಂದಲೇ ಕರೆದೊಯ್ದರು. ಬೀಗದ ಕೈ ಮಾತ್ರ ಗೇಟಿನ ಸೆಕ್ಯೂರಿಟಿಯವರ ಹತ್ತಿರ ಇತ್ತು, ಅದು ಬರುವವರೆಗೆ ನಾವು ಬಾಗಿಲಲ್ಲಿ ನಿಂತೆವು.

ಒಳಗೆ ತೊಟ್ಟಿಲುಗಳು, ಗೋಡೆಯಲ್ಲಿ ಇಂಗ್ಲಿಷ್ ಅಕ್ಷರಮಾಲೆ, ಮೂಲೆಯಲ್ಲೊಂದು ಪುಟ್ಟ ಜಾರುಬಂಡಿ. ಆಟದ ಕುದುರೆಗೆ ಸುತ್ತಿದ್ದ ಅಂಗಡಿಯ ಪ್ಲಾಸ್ಟಿಕ್ ಹಾಳೆ ಹಾಗೆಯೇ ಇತ್ತು. ಬೆಲೆಯ ಚೀಟಿಯನ್ನೂ ಯಾರೂ ಕಿತ್ತಿರಲಿಲ್ಲ. ಮಕ್ಕಳಿರುವ ಕೋಣೆಯಲ್ಲಿ ಹಾಲು, ಉಚ್ಚೆ, ಪೌಡರ್ ಎಲ್ಲ ಬೆರೆತ ಒಂದು ವಾಸನೆ ಇದ್ದೇ ಇರುತ್ತದೆ. ಇಲ್ಲಿ ಫಿನಾಯಿಲ್ ಒಂದೇ ಮೂಗಿಗೆ ಬಡಿಯುತ್ತಿತ್ತು. ನಾನು ಅವರ ಮುಖ ನೋಡಿದೆ.

"ಮಕ್ಕಳೇ ಬರೋದಿಲ್ಲ, ಮೇಡಂ. ನಾವೇನು ಮಾಡೋಕಾಗುತ್ತೆ?"

ಅವರು ಕೆಟ್ಟವರಲ್ಲ. ಸಮಿತಿಗೆ ಬಂದ ದೂರುಗಳನ್ನು ಮುಚ್ಚಿಡದ ಅಪರೂಪದ ಅಧಿಕಾರಿ ಅವರು. ಆದರೆ ಬ್ಯಾಂಕಿನಲ್ಲಿದ್ದ ತಮ್ಮ ಹೆಂಡತಿ ಎರಡನೆಯ ಮಗುವಾದ ಮೇಲೆ ಕೆಲಸ ಬಿಟ್ಟದ್ದನ್ನೂ ಅದೇ ದನಿಯಲ್ಲಿ, "ಅವಳಿಗೇ ಇಷ್ಟ ಇರಲಿಲ್ಲ" ಎಂದು ಹೇಳಿ ಮುಗಿಸಿದರು. ಇಷ್ಟ ಹುಟ್ಟಲು ಬೇಕಾದ ಅನುಕೂಲಗಳ ಲೆಕ್ಕ ಅವರ ಯಾವ ರಿಜಿಸ್ಟರಿನಲ್ಲೂ ಇಲ್ಲ.

ಸಂಜೆ ಗೇಟಿನ ಹೊರಗೆ ಸಮಿತಿಯ ಇಬ್ಬರು ಟೈಲರುಗಳನ್ನು ಕೇಳಿದೆ. ಕಾರ್ಖಾನೆಯ ವ್ಯಾನಿನಲ್ಲಿ ಕೈಗೂಸನ್ನು ಹತ್ತಿಸಿಕೊಳ್ಳುವುದಿಲ್ಲ. ಬೆಳಗಿನ ನೂಕುನುಗ್ಗಲಿನ ಬಿಎಂಟಿಸಿ ಬಸ್ಸಿನಲ್ಲಿ ಮಗು, ಊಟದ ಡಬ್ಬಿ, ಬಟ್ಟೆಯ ಚೀಲ ಮೂರನ್ನೂ ಹಿಡಿದು ನಿಲ್ಲಲಾಗದು. ತಂದರೂ ನೋಡಿಕೊಳ್ಳುವ ಆಯಾ ಹೆಲ್ಪರ್ ಆಗಿ ಹೊಲಿಗೆಯ ಲೈನಿನಲ್ಲಿರುತ್ತಾಳೆ, ಆಡಿಟ್ ಇದ್ದ ದಿನ ಮಾತ್ರ ಕ್ರೆಷ್‌ಗೆ ಬರುತ್ತಾಳೆ. ದಿನಕ್ಕೆ ನಾಲ್ಕು ಸಲ ತಾಯಿ ಹೋಗಿ ಮಗುವನ್ನು ನೋಡಬಹುದೆಂದು 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಹೇಳಿತು. ಆದರೆ ಮಷಿನ್ ಬಿಟ್ಟೆದ್ದರೆ ಮುಂದಿನವಳ ಕೈಗೆ ಪೀಸ್ ಹೋಗುವುದಿಲ್ಲ, ಗಂಟೆಯ ಟಾರ್ಗೆಟ್ ಬೀಳುತ್ತದೆ, ಬೈಗುಳ ಇಡೀ ಲೈನಿಗೆ. "ಸೂಪರ್‌ವೈಸರ್ ಬೈದ್ರೆ ತಡ್ಕೋಬಹುದು ಮೇಡಂ, ಪಕ್ಕದ ಮಷಿನ್‌ನೋಳು ಮುಖ ಸಿಂಡರಿಸಿದ್ರೆ ತಡ್ಕೊಳ್ಳೋಕಾಗಲ್ಲ" ಎಂದಳು ಒಬ್ಬಳು. ಅವಳ ಮಗು ಊರಿನಲ್ಲಿ ಅಜ್ಜಿಯ ಬಳಿ ಇದೆ.

ನನಗೂ ಇಂಥದೇ ಒಂದು ಮಾತನ್ನು ಹೇಳಿ ಕಳುಹಿಸಿದ್ದರು. ನಾನು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿದ್ದೆ. ಮಗಳು ಹುಟ್ಟಿದ್ದು 2016ರ ಆಗಸ್ಟಿನಲ್ಲಿ. ಕಾನೂನಿನಂತೆ ಆಗ ಸಂಬಳ ಸಹಿತ ಸಿಗುತ್ತಿದ್ದ ರಜೆ 12 ವಾರ, ಅದು 26 ವಾರವಾದದ್ದು ಮರುವರ್ಷದ ಏಪ್ರಿಲ್‌ನಲ್ಲಿ. ರಾತ್ರಿಯ ಕಾನ್ಫರೆನ್ಸ್ ಕರೆಗಳ ನಡುವೆ ಹಾಲು ಕಟ್ಟಿ ಎದೆ ಬಾತು ಜ್ವರ ಬಂದು, ಕೊನೆಗೆ ನಾನು ರಾಜೀನಾಮೆ ಕೊಟ್ಟಾಗ ಕಾರಣದ ಜಾಗದಲ್ಲಿ 'ವೈಯಕ್ತಿಕ' ಎಂದು ದಾಖಲಾಯಿತು. ಆಮೇಲೆ ಬರೆಯತೊಡಗಿದೆ, ಬರೆಯಲು ಹೋಗಿ ಈ ಹೆಂಗಸರ ಪರಿಚಯವಾಯಿತು. ಸಾಹಿತ್ಯದ ಸಭೆಗಳಲ್ಲಿ ಇದನ್ನು ದಿಟ್ಟ ನಿರ್ಧಾರವೆಂದು ಹೊಗಳುವವರಿದ್ದಾರೆ. ಮನೆಗೆ ಇನ್ನೊಂದು ಸಂಬಳ ಬರುತ್ತಿತ್ತೆಂಬುದನ್ನು ಅವರು ಯಾರೂ ಕೇಳುವುದಿಲ್ಲ. ಹೊಲಿಗೆಯ ಲೈನಿನಿಂದ ಎದ್ದು ಹೋದವಳ ಧೈರ್ಯಕ್ಕೆ ಹಾರ ಹಾಕಿದವರನ್ನು ನಾನಂತೂ ಕಂಡಿಲ್ಲ.

ಅವಳ ರಾಜೀನಾಮೆಗೆ ಬೇರೆಯೇ ಒಂದು ಲೆಕ್ಕವಿದೆ. ಮಗುವಿನ ಶಾಲೆಯ ಫೀಸು, ಊರಿನ ಸಾಲ, ಅಮ್ಮನ ಆಪರೇಷನ್ ಎಂದು ಕೆಲಸ ಬಿಟ್ಟು ಪಿಎಫ್ ತೆಗೆಯುತ್ತಾಳೆ, ಮತ್ತೆ ಪಕ್ಕದ ಕಾರ್ಖಾನೆಯಲ್ಲಿ ಹೊಸಬಳಾಗಿ ಸೇರುತ್ತಾಳೆ. ಮಾಲೀಕರ ಪಾಲಿನ ಪಿಎಫ್ ಅನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ನಿಯಮ 2016ರ ಫೆಬ್ರವರಿಯಲ್ಲಿ ಬಂದ ಮೇಲೆ, ಏಪ್ರಿಲ್‌ನಲ್ಲಿ ಬೆಂಗಳೂರಿನ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಹೊಸೂರು ರಸ್ತೆಯಲ್ಲಿ, ಪೀಣ್ಯದ ಹತ್ತಿರ ತುಮಕೂರು ರಸ್ತೆಯಲ್ಲಿ ಬಂದು ಕೂತದ್ದು ಇದೇ ಕಾರಣಕ್ಕೆ. ಎರಡನೆಯ ದಿನವೇ ಕೇಂದ್ರ ಸರ್ಕಾರ ನಿಯಮವನ್ನು ಹಿಂದಕ್ಕೆ ಪಡೆಯಿತು. ಅಷ್ಟು ದೊಡ್ಡ ಗೆಲುವನ್ನು ಅಷ್ಟು ಬೇಗ ಮರೆತ ಊರು ಇನ್ನೊಂದಿಲ್ಲ. ಟ್ರಾಫಿಕ್ ಜಾಮ್ ಎಂದರೆ ಕೆಲವರಿಗೆ ನೆನಪಾದೀತು.

ಶುಕ್ರವಾರ ಸಮಿತಿಯ ಹೆಂಗಸರೊಡನೆ ಕೂತು ಆಡಳಿತಕ್ಕೊಂದು ಪತ್ರ ಬರೆದೆವು. ಕ್ರೆಷ್ ಇದೆಯೇ ಎಂಬ ಪ್ರಶ್ನೆಯೇ ಅದರಲ್ಲಿ ಇಲ್ಲ. ವ್ಯಾನಿನಲ್ಲಿ ಮಗುವಿಗೆ ಜಾಗ ಯಾವಾಗಿನಿಂದ, ಆಯಾಳನ್ನು ಲೈನಿಗೆ ಕಳುಹಿಸುವವರು ಯಾರು, ತಾಯಿ ಎದ್ದು ಹೋದ ಹದಿನೈದು ನಿಮಿಷ ಟಾರ್ಗೆಟ್‌ನಿಂದ ಕಳೆಯಲಾಗುವುದೇ ಎಂದಷ್ಟೇ ಕೇಳಿದ್ದೇವೆ. ಮೂರನೆಯದನ್ನು ಸೇರಿಸಲೇಬೇಕೆಂದು ಹಟ ಹಿಡಿದವಳು, ಮಗುವನ್ನು ಊರಿನಲ್ಲಿ ಬಿಟ್ಟು ಬಂದಿರುವ ಟೈಲರ್.

ನಿನ್ನೆ ಅಧಿಕಾರಿ ಫೋನ್ ಮಾಡಿದ್ದರು. ನಾನು ಪತ್ರಿಕೆಗೆ ಏನಾದರೂ ಬರೆಯುತ್ತಿದ್ದೇನೆಯೇ ಎಂದು ವಿಚಾರಿಸಿದರು. ಬರೆಯುತ್ತಿದ್ದೇನೆ ಎಂದೆ, ವ್ಯಾನಿನ ವಿಷಯ ಏನಾಯಿತು ಎಂದು ಕೇಳಿದೆ.

"ಅದು ಟ್ರಾನ್ಸ್‌ಪೋರ್ಟ್‌ನವರದ್ದು, ಮೇಡಂ. ನಮಗೆ ಬರಲ್ಲ."

ಪತ್ರದ ಒಂದು ಪ್ರತಿ ಸೋಮವಾರ ಟ್ರಾನ್ಸ್‌ಪೋರ್ಟ್‌ನವರಿಗೂ ಹೋಗುತ್ತದೆ.