ಡ್ಯಾಂ ಅಲುಗಾಡ್ಸೋ ಕೆಲಸ

ಊರಿಗೆ ಬಂದಾಗೆಲ್ಲ ಯಾರಾದ್ರೂ ಒಬ್ರು ಕೇಳೇ ಕೇಳ್ತಾರೆ, ನೀನು ಕಂಪ್ಯೂಟರಲ್ಲಿ ಡ್ಯಾಂ ಅಲುಗಾಡ್ಸಿ ನೋಡ್ತೀಯಂತಲ್ಲೋ, ಹಂಗಾದ್ರೆ ನಮ್ಮ ಲಿಂಗನಮಕ್ಕಿ ಕತೆ ಏನು ಅಂತ. ಮಾರಾಯ್ರೇ ಅದನ್ನ ನೋಡ್ಕೊಳ್ಳೋರು ಬೇರೆ ಇದಾರೆ, ನಾನು ಅದರ ಫೈಲ್ ಕೂಡ ನೋಡಿಲ್ಲ. 2021ರ ಜನವರಿ 21ರ ರಾತ್ರಿ ಹುಣಸೋಡಿನ ಕಲ್ಲು ಕ್ವಾರಿ ಹತ್ರ ಸ್ಫೋಟಕ ಬ್ಲಾಸ್ಟ್ ಆಗಿ, ಭೂಕಂಪ ಅಂತ ಶಿವಮೊಗ್ಗದ ಜನ ಎಲ್ಲ ಬೀದಿಗೆ ಬಂದ್ರಲ್ಲ, ಆಮೇಲಿಂದ ಈ ಪ್ರಶ್ನೆ ಇನ್ನೂ ಜಾಸ್ತಿ ಆಗಿದೆ.

ಬ್ಲಾಸ್ಟಿಗೂ ಭೂಕಂಪಕ್ಕೂ ತುಂಬ ವ್ಯತ್ಯಾಸ ಇದೆ. ಮಣ್ಣಿನ ಡ್ಯಾಂಗೆ ತನ್ನದೇ ಆದ ಒಂದು ತೂಗಾಟ ಇರತ್ತೆ, ಒಂದು ಸಲ ತೂಗಕ್ಕೆ ಎಷ್ಟು ಹೊತ್ತು ಬೇಕು ಅನ್ನೋದು ಅಂದಾಜಿಗೆ ಎತ್ತರನ 2.61ರಿಂದ ಗುಣಿಸಿ ಆ ಮಣ್ಣಲ್ಲಿ ಶಿಯರ್ ವೇವ್, ಅಂದ್ರೆ ಮಣ್ಣನ್ನ ಅಡ್ಡಕ್ಕೆ ಅಲುಗಾಡ್ಸ್ತಾ ಸಾಗೋ ಅಲೆ, ಹೋಗೋ ಸ್ಪೀಡಿಂದ ಭಾಗಿಸಿದ್ರೆ ಸಿಗತ್ತೆ. 60 ಮೀಟರ್ ಎತ್ತರ, ಸೆಕೆಂಡಿಗೆ 300 ಮೀಟರ್ ಸ್ಪೀಡ್ ಅಂದ್ಕೊಳ್ಳಿ, ಸುಮಾರು ಅರ್ಧ ಸೆಕೆಂಡ್ ಬರತ್ತೆ. ಬ್ಲಾಸ್ಟ್ ಅದಕ್ಕಿಂತ ತುಂಬ ಬಿರುಸಾಗಿ ನಡುಗ್ಸಿ ಸಟ್ಟಂತ ಮುಗಿದು ಹೋಗತ್ತೆ, ದೊಡ್ಡ ಭೂಕಂಪ ಮಾತ್ರ ಆ ಅರ್ಧ ಸೆಕೆಂಡ್ ಆಚೀಚೆನೇ ಹಿಡ್ಕೊಂಡು ಎಷ್ಟೋ ಹೊತ್ತು ತೂಗತ್ತೆ, ತೂಗ್ತಾ ತೂಗ್ತಾ ಮಣ್ಣು ಮೆತ್ತಗಾಗಿ ಲೆಕ್ಕನೇ ಬದಲಾಗತ್ತೆ.

ಆದ್ರೆ ನಿಜವಾದ ತಲೆನೋವು ಒಳಗಿರೋ ನೀರು. 1971ರ ಫೆಬ್ರವರಿ 9ಕ್ಕೆ ಲಾಸ್ ಏಂಜಲೀಸ್ ಹತ್ರದ ಲೋಯರ್ ಸ್ಯಾನ್ ಫರ್ನಾಂಡೋ ಡ್ಯಾಮಿನ ನೀರಿನ ಕಡೆ ಇಳಿಜಾರು ಮೇಲ್ತುದಿ ಸಮೇತ ಜಾರಿ ಒಳಗೆ ಬಿತ್ತು, ನೀರಿಗೂ ಉಳಿದ ಮಣ್ಣಿನ ತುದಿಗೂ ಸುಮಾರು ಒಂದೂವರೆ ಮೀಟರ್ ಅಷ್ಟೇ ಬಾಕಿ, ಕೆಳಗಿದ್ದ 80,000 ಜನರನ್ನ ಖಾಲಿ ಮಾಡ್ಸಿದ್ರು. ಜಾರಿದ್ದು ಅಲುಗಾಟ ನಡೀವಾಗ ಅಲ್ಲ, ಎಲ್ಲ ನಿಂತು 20-30 ಸೆಕೆಂಡ್ ಆದ್ಮೇಲೆ! ತುಂಗಾ ದಂಡೆಲಿ ಹಸಿ ಮರಳ ಮೇಲೆ ನಿಂತು ಕಾಲು ಕುಟ್ಟಿದ್ರೆ ನೀರು ಮೇಲೆ ಬಂದು ಪಾದ ಹೂತ್ಕೊಂಡು ಹೋಗತ್ತಲ್ಲ, ಅಲ್ಲೂ ಅದೇ ಆಗಿದ್ದು, ಹೊರಗೆ ಹೋಗಕ್ಕೆ ಟೈಮ್ ಸಿಗದ ನೀರಿನ ಒತ್ತಡ ಏರಿ ಮರಳಿನ ಕಣಗಳ ಹಿಡಿತ ತಪ್ತು, ಆಮೇಲೆ ಡ್ಯಾಮಿನ ಭಾರನೇ ಡ್ಯಾಮನ್ನ ಎಳ್ಕೊಂಡು ಹೋಯ್ತು. ತಮಾಷೆ ಅಂದ್ರೆ ಹಳೇ ಪದ್ಧತಿಲಿ, ಅಂದ್ರೆ ಭಾರದ 0.15 ಪಟ್ಟು ಬಲ ಅಡ್ಡಕ್ಕೆ ತಳ್ಳತ್ತೆ ಅಂತ ಹಾಕಿ ಲೆಕ್ಕ ಮಾಡಿದ್ರೆ, ಅದೇ ಡ್ಯಾಮಿಗೆ ಸೇಫ್ಟಿ ಫ್ಯಾಕ್ಟರ್ (ಜಾರ್ಸೋ ಬಲಕ್ಕಿಂತ ತಡೆಯೋ ಬಲ ಎಷ್ಟು ಪಟ್ಟು ಅನ್ನೋ ಲೆಕ್ಕ) 1.3 ಬರತ್ತೆ. ಪೇಪರ್ ಮೇಲೆ ಪಾಸ್.

ಈಗಿನ ಸಾಫ್ಟ್‌ವೇರಲ್ಲಿ ಆ ನೀರಿನ ಒತ್ತಡ ಕ್ಷಣ ಕ್ಷಣಕ್ಕೆ ಎಷ್ಟು ಏರ್ತು ಅಂತ ನೋಡ್ಬೋದು, ಆದ್ರೆ ಕೆಲಸ ನಾಜೂಕು. ಕಂಪ್ಯೂಟರಲ್ಲಿ ಡ್ಯಾಮನ್ನ ಸಣ್ಣ ಸಣ್ಣ ಚೌಕ ಮಾಡಿ ಲೆಕ್ಕ ಹಾಕ್ತೀವಿ. 10 ಹರ್ಟ್ಸ್ ಅಲೆ, ಅಂದ್ರೆ ಸೆಕೆಂಡಿಗೆ 10 ಸಲ ಅಲುಗಾಡ್ಸೋದು, ಸೆಕೆಂಡಿಗೆ 200 ಮೀಟರ್ ಸ್ಪೀಡಿನ ಮಣ್ಣಲ್ಲಿ 20 ಮೀಟರ್ ಉದ್ದ ಇರತ್ತೆ, ಅದರ ಹತ್ತನೇ ಒಂದು ಭಾಗ, ಅಂದ್ರೆ 2 ಮೀಟರಿಗಿಂತ ದೊಡ್ಡ ಚೌಕ ಹಾಕಿದ್ರೆ ಅಲೆ ಸರಿಯಾಗಿ ದಾಟಲ್ಲ. ಮಾಡೆಲ್ಲಿನ ತಳ, ಅಂಚು ಗಟ್ಟಿಯಾಗಿ ಕಟ್ಟಿದ್ರೆ ಅಲೆ ವಾಪಸ್ ಪುಟಿದು ಒಳಗೇ ಓಡಾಡತ್ತೆ, ಅದಕ್ಕೆ ಅಲೆ ಹೀರ್ಕೊಳ್ಳೋ ಅಂಚು ಕೊಡ್ಬೇಕು. ರಾತ್ರಿಯೆಲ್ಲ ರನ್ ಹಾಕಿರ್ತೀವಿ, ಮಳೆಗಾಲದಲ್ಲಿ ಕರೆಂಟ್ ಹೋದ್ರೆ ಕತೆ ಮುಗೀತು.

ನಂಗೆ ಸಿಟ್ಟು ಬರೋದು ಕೊನೇಲಿ ಬರೋ ಕೆಂಪು ಹಳದಿ ಚಿತ್ರ ನೋಡಿ "ವಾವ್" ಅನ್ನೋರ ಮೇಲೆ. ಆ ಚಿತ್ರಕ್ಕೆ ಹಾಕಿರೋ ಮಣ್ಣಿನ ನಂಬರ್ ಬೋರ್‌ಹೋಲ್ ತೆಗೆದು ಲ್ಯಾಬಲ್ಲಿ ಟೆಸ್ಟ್ ಮಾಡಿದ್ದಾ, ಇಲ್ಲ ಯಾವುದೋ ಪುಸ್ತಕದ ಟೇಬಲ್ ನೋಡಿ ಹಾಕಿದ್ದಾ ಅಂತ ಯಾರೂ ಕೇಳಲ್ಲ.

ಹಂಗೆ ನೋಡಿದ್ರೆ ಸೊರಬ, ಶಿಕಾರಿಪುರ ಕಡೆ ಎಷ್ಟೊಂದು ಹಳೇ ಕೆರೆ ಇವೆ, ಅವುಗಳ ಏರಿ ಮಾಡೆಲ್ ಮಾಡಕ್ಕೆ ದುಡ್ಡು ಕೊಡೋರು ಯಾರು? ಜೇಡಿ ಜಾಸ್ತಿ ಇರೋ ಏರಿ ಮರಳಿನ ಥರ ಸುಲಭಕ್ಕೆ ಕರಗಲ್ಲ, ಅದು ಸಮಾಧಾನ, ಆದ್ರೆ ಅಲುಗಾಡಿದ್ರೆ ಬಿರುಕು ಬಿಡ್ಬೋದು. 2001ರ ಭುಜ್ ಭೂಕಂಪದಲ್ಲಿ ಕಚ್ಛ್ ಕಡೆಯ ಎಷ್ಟೋ ಮಣ್ಣಿನ ಡ್ಯಾಂ ಬಿರುಕು ಬಿಟ್ಟು ಜಾರಿದ್ವು, ಬರಗಾಲ ಆಗಿ ನೀರು ಕಮ್ಮಿ ಇದ್ದಿದ್ದಕ್ಕೆ ಪ್ರವಾಹ ಆಗ್ಲಿಲ್ಲ. ನಮ್ಮಲ್ಲಿ ಏರಿಗೆ ಕಂಪ್ಯೂಟರ್‌ಗಿಂತ ಮೊದಲು ಕಣ್ಣು ಸಾಕು: ಏರಿ ಮೇಲೆ ಉದ್ದಕ್ಕೆ ಸೀಳು ಕಂಡ್ರೆ, ತೂಬಿನ ಪಕ್ಕ ಜಿನುಗೋ ನೀರು ತಿಳಿ ಇರೋ ಬದಲು ಕೆಂಪಗೆ ರಾಡಿಯಾಗಿ ಬರ್ತಿದ್ರೆ ಮಣ್ಣು ಕೊಚ್ಕೊಂಡು ಬರ್ತಿದೆ ಅಂತ ಅರ್ಥ, ಅವತ್ತೇ ಪಂಚಾಯ್ತಿಗೆ, ಸಣ್ಣ ನೀರಾವರಿಯವರಿಗೆ ಹೇಳಿ, ಫೋಟೋ ತೆಗೆದು ಕಳ್ಸಿ.