ಬಂಗಾಳ ಕೊಲ್ಲಿಯ ಮೇಲಿನ ಹದಿನೈದು ಮೀಟರ್

ಉತ್ತರ ಬಂಗಾಳ ಕೊಲ್ಲಿಯಲ್ಲಿ ಹಡಗು ಸ್ಟೇಷನ್ನಿಗೆ, ಅಂದರೆ ಅಳತೆಯ ಜಾಗಕ್ಕೆ, ಬಂದು ನಿಂತ ಕೂಡಲೇ ನಾವು ನೋಡುವುದು ಗಾಳಿಯನ್ನು. ನೀರಿನ ವಾಹಕತೆ, ತಾಪಮಾನ, ಆಳ ಅಳೆಯುವ ಸಿಟಿಡಿ ಉಪಕರಣವನ್ನು ಕೇಬಲ್ಲಿನಲ್ಲಿ ಇಳಿಸುವ ಬದಿ ಗಾಳಿಗೆ ಎದುರಾಗಿರಬೇಕು. ಆಗ ಹಡಗು ಕೇಬಲ್ಲಿನಿಂದ ದೂರ ಸರಿಯುತ್ತದೆ. ತಿರುಗುಮುರುಗಾದರೆ ಕೇಬಲ್ಲು ಹಡಗಿನಡಿಗೆ ಹೋಗಿ ಉಜ್ಜುತ್ತದೆ. ಎಂಜಿನ್ನಿನ ಬಿಸಿನೀರು ಅದೇ ಬದಿಯಲ್ಲಿ ಬೀಳುತ್ತಿದ್ದರೆ ಮೇಲ್ಮೈ ತಾಪಮಾನವನ್ನು ನಂಬುವಂತಿಲ್ಲ.

ಇಲ್ಲಿ ಎಲ್ಲಕ್ಕಿಂತ ಮುಖ್ಯವಾದ ನೀರು ಮೇಲಿನದು, ಅಳೆಯಲು ಕಷ್ಟವಾದದ್ದೂ ಅದೇ. 1999ರ ಬಾಬ್‌ಮೆಕ್ಸ್ ಎಂಬ ಮುಂಗಾರು ಅಧ್ಯಯನದಲ್ಲಿ ಸಾಗರ ಕನ್ಯಾ ಹಡಗು 17.5 ಡಿಗ್ರಿ ಉತ್ತರ, 89 ಡಿಗ್ರಿ ಪೂರ್ವದಲ್ಲಿ ನಿಂತಿದ್ದಾಗ ನದಿಗಳ ಸಿಹಿನೀರು ಹರಿದುಬಂದು, ಮೇಲಿನ 15 ಮೀಟರಿನ ಲವಣಾಂಶ ಸುಮಾರು 4ರಷ್ಟು (ಕಿಲೋ ನೀರಿಗೆ ಸುಮಾರು 4 ಗ್ರಾಂ ಉಪ್ಪು) ಇಳಿಯಿತು. ತಾಪಮಾನ ಒಂದನ್ನೇ ನೋಡಿದರೆ ಇಂಥ ಕಡೆ ಮಿಶ್ರಪದರ, ಅಂದರೆ ಚೆನ್ನಾಗಿ ಬೆರೆತು ಒಂದೇ ತೆರನಾಗಿರುವ ಮೇಲಿನ ನೀರು, ನಿಜಕ್ಕಿಂತ ಆಳವಾಗಿ ಕಾಣುತ್ತದೆ.

ಡೆಕ್ಕಿನ ಬಿಸಿಲಿಗೆ ಕಾದ ಸಿಟಿಡಿಯಲ್ಲಿ ವಿದ್ಯುತ್ ವಾಹಕತೆ (ಲವಣಾಂಶದ ಲೆಕ್ಕ ಇದರಿಂದಲೇ) ಅಳೆಯುವ ಗಾಜಿನ ಕೋಶ ಆ ಬಿಸಿಯನ್ನು ಹೊತ್ತೇ ನೀರಿಗಿಳಿಯುತ್ತದೆ. 0.1 ಡಿಗ್ರಿ ಹೆಚ್ಚುಕಮ್ಮಿಯಾದರೆ ಲವಣಾಂಶ ಸುಮಾರು 0.07 ತಪ್ಪುತ್ತದೆ. ಅದಕ್ಕೇ 10 ಮೀಟರಿಗೆ ಇಳಿಸಿ ಎರಡು ಮೂರು ನಿಮಿಷ ಕಾಯುತ್ತೇವೆ. ಸೆನ್ಸರುಗಳಿಗೆ ಕೊಳವೆಯಲ್ಲಿ ನೀರು ಹಾಯಿಸುವ ಪಂಪ್ ಶುರುವಾಗಿ ಓದಿಕೆ ಸ್ಥಿರವಾದ ಮೇಲೆ, ನೀರಿನಿಂದ ಹೊರಬಾರದಂತೆ ಮೇಲಕ್ಕೆಳೆದು, ಮೊದಲ 100 ಮೀಟರನ್ನು ಸೆಕೆಂಡಿಗೆ ಅರ್ಧ ಮೀಟರಿನಂತೆ ಇಳಿಸುತ್ತೇವೆ. ಆಮೇಲೆ ಒಂದು ಮೀಟರ್. ಕೊಳವೆ ಒಮ್ಮೆ ಗಾಳಿ ಕುಡಿದರೆ ಮತ್ತೆ ಮೊದಲಿನಿಂದ ಕಾಯಬೇಕು.

ಆ ಕೊಳವೆಯ ನೆತ್ತಿಯಲ್ಲಿ ಗಾಳಿ ಹೋಗಲೆಂದು ಸೂಜಿಮೊನೆಯಷ್ಟು ತೂತಿರುತ್ತದೆ. ಈ ಸೆಕೆಗೆ ಅಲ್ಲಿ ಉಪ್ಪು ಬೇಗ ಹರಳುಗಟ್ಟುತ್ತದೆ. ತೂತು ಮುಚ್ಚಿದರೆ ಪಂಪ್ ತಿರುಗುತ್ತಿದ್ದರೂ ನೀರು ಓಡುವುದಿಲ್ಲ. ಸಿಟಿಡಿಯ ಎರಡು ಜೋಡಿ ತಾಪಮಾನ-ವಾಹಕತೆ ಸೆನ್ಸರುಗಳು ಮೇಲೆ ಬೇರೆಬೇರೆ ಹೇಳುತ್ತಾ, ಆಳಕ್ಕೆ ಹೋದಂತೆ ಒಂದಾದರೆ ಮೊದಲು ಅನುಮಾನಿಸಬೇಕಾದ್ದು ಈ ತೂತನ್ನೇ. ಪ್ರತಿ ಇಳಿತದ ಬಳಿಕ ಕೊಳವೆಗೆ ಶುದ್ಧ ನೀರು ಹಾಯಿಸುವುದನ್ನು ಯಾವ ಅವಸರದಲ್ಲೂ ಬಿಡಬಾರದು.

ಹಡಗು ಹೊಯ್ದಾಡಿದಾಗ ಸಿಟಿಡಿ ಗಕ್ಕನೆ ನಿಂತು, ತಾನೇ ಎಳೆದುತಂದ ನೀರನ್ನು ಅಳೆಯುತ್ತದೆ. ಒತ್ತಡ ಹಿಮ್ಮುಖವಾದ ಆ ಓದಿಕೆಗಳನ್ನು ಕಿತ್ತುಹಾಕಬೇಕು. ಇಷ್ಟಾದರೂ ಐದು ಮೀಟರ್ ಮುಳುಗಿರುವ ಹಡಗಿನ ಒಡಲು ಸುತ್ತಲ ನೀರನ್ನು ಕಲಕಿರುತ್ತದೆ. ಮೇಲಿನ ಐದು ಮೀಟರ್ ನಿಜವಾಗಿ ಬೇಕಿದ್ದರೆ ಸಣ್ಣ ಸಿಟಿಡಿಯನ್ನು ದೋಣಿಯಲ್ಲಿ ದೂರ ಒಯ್ದು ಕೈಯಿಂದ ಇಳಿಸುವುದೇ ಸರಿ.

ಸಿಟಿಡಿಯ ಲವಣಾಂಶವನ್ನು ತಾಳೆ ನೋಡುವ ನೀರಿನ ಮಾದರಿಯನ್ನು ಮಾತ್ರ ಈ ಮೇಲಿನ ನೀರಿನಲ್ಲಿ ಹಿಡಿಯಬಾರದು. ಬೇಕಾದ ಆಳದ ನೀರು ಹಿಡಿದು ತರುವ ನಿಸ್ಕಿನ್ ಬಾಟಲಿಯೇ ಹತ್ತಿರಹತ್ತಿರ ಒಂದು ಮೀಟರ್ ಉದ್ದ. ಅದರ ಬುಡಕ್ಕೂ ಬಾಯಿಗೂ ಲವಣಾಂಶ ಬೇರೆಯಾಗಿರಬಹುದು. ನೀರು ಏಕರೂಪವಾಗಿರುವ ಆಳದಲ್ಲಿ ಅದನ್ನು ಮುಚ್ಚಿ ಮೇಲೆ ತಂದು, ಮಾದರಿಯ ಗಾಜಿನ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು, ಭುಜದವರೆಗೆ ತುಂಬಿ, ಕತ್ತನ್ನು ಒರೆಸಬೇಕು. ಒಣಗಿದ ಉಪ್ಪಿನ ಒಂದು ಹರಳು ಒಳಗೆ ಬಿದ್ದರೂ ಲವಣಾಂಶ ಅಳೆಯುವ ಸಾಲಿನೋಮೀಟರಿನಲ್ಲಿ ಓದಿಕೆ ಏರುತ್ತದೆ.